ನಮ್ಮ ಮನೆಯ ಬೆಕ್ಕಿನ ನಿರಾಹಾರ ವ್ರತ

ನಮ್ಮ ಮನೆಯ ಬೆಕ್ಕು ನಿರಾಹಾರ ವ್ರತ ಹಿಡಿದಿದೆ ಎಂಬ ಸಂಗತಿಯನ್ನು ನನಗೆ ಮೊದಲು ಹೇಳಿದವರು ಖಾನಾಪುರದ ನಮ್ಮ ಭಜನಾ ಮಂಡಳಿಯ ಅಧ್ಯಕ್ಷರಾದ ಪಂಢರಿನಾಥರು. ಅಲ್ಲಿಯವರೆಗೆ ಅದು ಉಣ್ಣುತ್ತಿಲ್ಲ ಎಂದಷ್ಟೇ ನಾನು ತಿಳಿದಿದ್ದೆ.

ಏಕಾದಶಿಯ ದಿನ ಅವರು ನಮ್ಮ ಪಡಸಾಲೆಯಲ್ಲಿ ಕುಳಿತು ನೋಡಿದರು. ಬೆಕ್ಕು ಹಾಲಿನ ಬಟ್ಟಲಿನ ತನಕ ಹೋಯಿತು, ಮೂಸಿತು, ಹಿಂದೆ ಸರಿಯಿತು. ಆಮೇಲೆ ದೇವರ ಕೋಣೆಯ ಹೊಸ್ತಿಲಲ್ಲಿ ಕುಳಿತು ಮುಂಗಾಲಿನಿಂದ ಗಲ್ಲ ಬಡಿದುಕೊಂಡಿತು. ಬಾಯಿಂದ ಜೊಲ್ಲು ಇಳಿಯಿತು.

“ನೋಡ್ರಿ, ಗಲ್ಲಾ ಬಡಕೋತದ! ಇಷ್ಟು ವರ್ಷ ಭಜನಾ ಮಾಡೀರಿ, ನಿಮಗ ಒಮ್ಮೆರೆ ಹಿಂಗ ಭಕ್ತಿ ಉಕ್ಕೇದೇನು?” ಎಂದರು.

ಉಕ್ಕಿರಲಿಲ್ಲ. ಒಪ್ಪಿಕೊಂಡು ಬೆಕ್ಕಿಗೆ ಕೈ ಮುಗಿದೆ.

ಸೊಸೆ ತ್ರಿವೇಣಿ ಮಾತ್ರ, “ಮಾವಾರ, ಅದಕ್ಕ ಆರಾಮಿಲ್ರಿ. ಬಾಯಿ ನಾರತೈತಿ,” ಎಂದಳು.

“ಉಪಾಸ ಮಾಡಿದವರ ಬಾಯಿ ನಾರೂದ, ಯವ್ವಾ. ನನ್ನದೂ ನಾರತದ,” ಎಂದರು ಪಂಢರಿನಾಥರು. ಇದು ಎಲ್ಲರಿಗೂ ತಿಳಿದ ವಿಷಯವಾದ್ದರಿಂದ ಚರ್ಚೆ ಮುಗಿಯಿತು.

ಮರುದಿನ ಮಂಡಳಿಯ ಹಲಗೆಯ ಮೇಲೆ ಪ್ರಕಟಣೆ ಬಂತು: “ವ್ರತಸ್ಥ ಬೆಕ್ಕಿನ ಎದುರು ಹಾಲು, ಮೀನು ಇಡತಕ್ಕದ್ದಲ್ಲ. ಅದು ಹೊರಟಾಗ ಸದಸ್ಯರು ಅಡ್ಡ ಹೋಗತಕ್ಕದ್ದಲ್ಲ, ಬೆಕ್ಕಿಗೆ ಅಪಶಕುನವಾಗುತ್ತದೆ. ಕಾಣಿಕೆ ಡಬ್ಬಿ ಬಾಗಿಲ ಬಲಕ್ಕಿದೆ.”

ಬೆಕ್ಕು ಏಳಲಾರದೆ ಮಲಗಿದಾಗ, ಸಮಾಧಿಗೆ ಜಾಗ ನೋಡಲು ಮಂಡಳಿ ಉಪಸಮಿತಿ ರಚಿಸಿತು. ನಾನು ವಿನಯದಿಂದ ನನ್ನ ಹಿತ್ತಲನ್ನು ಸೂಚಿಸಿದೆ. ಡಬ್ಬಿಯೂ ಅಲ್ಲಿಗೇ ಬರುತ್ತದಲ್ಲ.

ತ್ರಿವೇಣಿ ಯಾರನ್ನೂ ಕೇಳದೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಬೆಳಗಾವಿ ಬಸ್ಸು ಹತ್ತಿದಳು. ವ್ರತಕ್ಕೆ ಭಂಗ ಬಾರದಂತೆ ಕಾಯಲು ನಾನೂ ಹತ್ತಿದೆ.

ಅಲ್ಲಿನ ಕ್ಯಾಂಪ್ ಬಡಾವಣೆಯಲ್ಲಿ ದವಾಖಾನೆ ಇಟ್ಟಿರುವ ಪಶುವೈದ್ಯೆ ಕುಮುದಿನಿ ಬೆಕ್ಕಿನ ಬಾಯಿ ತೆರೆದು ನೋಡಿದರು. “ಒಸಡು ಬಾತದ, ಹಲ್ಲು ಕೊಳತದ. ಹಸದು ಬಟ್ಟಲಕ್ಕ ಹೋಗತದ, ನೋವಿಗೆ ಹಿಂದ ಸರೀತದ. ಬೆಕ್ಕು ಎರಡ್ಮೂರು ದಿನ ಉಣ್ಣಲಿಲ್ಲಂದ್ರ ಲಿವರ್ ಕೆಡತದ್ರಿ. ಇಷ್ಟು ದಿನ ಏನ್ ಮಾಡಾಕತ್ತಿದ್ರಿ?”

“ಆರತಿ,” ಎಂದೆ. “ಮತ್ತ ಆ ಗಲ್ಲಾ ಬಡಕೊಳ್ಳೂದು?”

“ಹಲ್ಲುನೋವ್ರಿ.”

“ಸ್ವಲ್ಪರೆ ಭಕ್ತಿ ಇರಬಹುದಲ್ರಿ?”

“ನನಗ ಬಾಯಿ ಅಷ್ಟ ನೋಡಾಕ ಬರತದ, ಅಜ್ಜಾರ.”

ಸಲೈನ್ ಹಚ್ಚಿದರು, ಹಲ್ಲು ಕಿತ್ತರು. ಕಿತ್ತ ಹಲ್ಲನ್ನು ನಾನು ಕಾಗದದಲ್ಲಿ ಕಟ್ಟಿಕೊಂಡು ಬಂದೆ. ಮುಂದಿನ ಏಕಾದಶಿಯಂದು ಬೆಕ್ಕು ಬಾಜೂ ಮನೆಯಿಂದ ಬಂಗಡೆ ಮೀನಿನ ತಲೆ ತಂದು, ಪಂಢರಿನಾಥರ ಎದುರೇ ನಮ್ಮ ತುಳಸಿಕಟ್ಟೆಯ ಮೇಲೆ ಕುಳಿತು ತಿಂದಿತು.

ಮಂಡಳಿ ತುರ್ತು ಸಭೆ ಸೇರಿತು. ವ್ರತ ಹಿಡಿದದ್ದು ಬೆಕ್ಕಲ್ಲ, ಹಲ್ಲು ಎಂದು ಸರ್ವಾನುಮತದಿಂದ ಠರಾವಾಯಿತು. ಹಲ್ಲು ಈಗ ಬೆಳ್ಳಿಯ ಭರಣಿಯಲ್ಲಿದೆ. ದರ್ಶನದ ಸಾಲು ರಸ್ತೆಯವರೆಗೂ ಬರುತ್ತದೆ.

ಒಂದೇ ಹಲ್ಲು ಸಾಲುತ್ತಿಲ್ಲ. ಆದಕಾರಣ ಉಣ್ಣದ ಬೆಕ್ಕುಗಳನ್ನು ಹುಡುಕಲು ತಾಲೂಕಿನ ಮನೆಮನೆಗೆ ಸಮಿತಿಯೊಂದು ಹೊರಟಿದೆ. ಅದರ ಮುಖ್ಯಸ್ಥ ನಾನೇ. ಇದನ್ನು ಓದಿದವರಲ್ಲಿ ಕೈಮುಗಿದು ಕೇಳುತ್ತೇನೆ: ಬೆಕ್ಕಿರುವ ಪ್ರತಿ ಮನೆಗೂ, ವೈದ್ಯೆಯ ಮಾತೂ ಸೇರಿದಂತೆ, ಈ ಸಂಗತಿಯನ್ನೆಲ್ಲ ಹೇಳಿರಿ, ನಾವು ಬಂದು ಮುಟ್ಟುವ ಮೊದಲೇ ಹೇಳಿರಿ. ನನಗೆ ಮೊಣಕಾಲು ನೋವು, ನಿಧಾನ ಬರುತ್ತೇನೆ.