ಟೈರಿಗೆ ಕುಸುಬಿ ಎಣ್ಣೆ

“ನಾಕೂ ಗಾಲಿಗಿ ಹೊಸಾ ಟೈರ್ ಹಾಕಸ್ತೀನಿ, ಕಾರ್ ಒಯ್ದು ಮಾವನ ಬಾಗಿಲಿಗೇ ನಿಲ್ಲಸ್ತೀನಿ, ಸುಗಂಧಾಗ ರಾಣಿಹಂಗ ಕೂಡಿಸ್ಕೊಂಡು ಬರ್ತೀನಿ! ನೋಡ್ತಿರು ಭೀಮಶಾ!”

ಉಮರ್ಗಾದ ಬಟ್ಟೆ ವ್ಯಾಪಾರಿ ಗುರುಲಿಂಗಪ್ಪ ಮೋಟಾರು ಮಿಸ್ತ್ರಿ ಭೀಮಶಾನೆದುರು ಹೀಗೆ ಘೋಷಿಸಿದ್ದು ವೈಶಾಖದಲ್ಲಿ. ಆ ಕಾರಾದರೂ ಎಂಥದು! ಪೊಲೀಸ್ ಆ್ಯಕ್ಷನ್ ಆದಮೇಲೆ ಹೈದರಾಬಾದಿಗೆ ಗಂಟು ಕಟ್ಟಿದ ಜಾಗೀರದಾರರೊಬ್ಬರಿಂದ ಕೊಂಡದ್ದು. ಹಾರ್ನು ಜೋರು, ಟೈರು ಬೋಳು. ಈ ಘೋಷಣೆಗೆ ಕೆಲವೇ ದಿನ ಮೊದಲು, ಹೆಂಡತಿ ಸುಗಂಧಾಳ ತಮ್ಮನ ಮದುವೆಗೆ ನಿಲಂಗಾಕ್ಕೆ ಹೊರಟಾಗ, ಕಾಸಾರ ಶಿರಸಿ ದಾಟುತ್ತಲೇ ಒಂದು ಟೈರು ಢಮ್ ಎಂದಿತು.

“ಕಾರ್ ಬಿಟ್ಟು ನಾ ಹ್ಯಾಂಗ ಬರಲಿ? ನೀ ಮುಂದ ನಡಿ” ಎಂದು ಸುಗಂಧಾಳನ್ನು ದಾರಿಯಲ್ಲಿ ಬಂದ ಹೊಟ್ಟಿನ ಬಂಡಿಗೆ ಹತ್ತಿಸಿ, ಮಹಾಶಯ ಕಾರು ಕಾಯುತ್ತ ಕೂತ. ಮೈಮೇಲೆ ರೇಷ್ಮೆ ಸೀರೆ, ತಲೆತುಂಬ ಹೊಟ್ಟು! ಬೀಗರೆಲ್ಲ ನೋಡುತ್ತಿದ್ದಂತೆ ಆಕೆ ತವರಿನ ಹಂದರದಲ್ಲಿ ಇಳಿದದ್ದು ಹಾಗೆ. ಈತ ಮುಟ್ಟುವ ಹೊತ್ತಿಗೆ ಮದುವೆಯೇ ಮುಗಿದಿತ್ತು.

“ಈಗ ನಿಮ್ಮ ಕಾರಿನ ಜೋಡಿ ನೀವು ಹೋಗ್ರಿ. ನನ್ನ ಸಲುವಾಗಿ ಬಂದಾಗ ನಾ ಬರ್ತೀನಿ” ಎಂದಳು ಆಕೆ.

ಇಷ್ಟು ಸರಳ ಮಾತು! ಗುರುಲಿಂಗಪ್ಪ ಅದನ್ನು ಕಾರಿಗಾದ ಅವಮಾನ ಎಂದುಕೊಂಡ.

ಸೋಲಾಪುರದಿಂದ ಟೈರುಗಳ ಪಟ್ಟಿ ತರಿಸಿದ. ಬಿಸಿಲಿಗೊಂದು ಬಗೆ, ಕೆಸರಿಗೊಂದು, ಹಿಮಕ್ಕೊಂದು. ಬಿಸಿಲಿನ ಟೈರು ಬೇಕೆಂದು ಕಾಗದ ಬರೆದಿಟ್ಟ; ಅಂಚೆಗೆ ಹಾಕುವಷ್ಟರಲ್ಲಿ ಮಳೆ ಬಂತು. ಹರಿದು ಹಾಕಿ ಕೆಸರಿನದಕ್ಕೆ ಬರೆದ, ಮಳೆ ಕೈಕೊಟ್ಟಿತು. ಹಿಮದ ಟೈರಿನ ಪುಟ ತೆರೆದಾಗ ಭೀಮಶಾ ಹಣೆ ಬಡಿದುಕೊಂಡ.

“ಸಾವಕಾರ್ರೇ, ಉಮರ್ಗಾದಾಗ ಬರ್ಫ್ ಎಲ್ಲಿಂದ ಬೀಳ್ತದ್ರಿ? ನಮ್ಮ ಹವಾ ಹದಾ ಅದ. ಸಾದಾ ಟೈರ್ ಸಾಕ್ರಿ!”

“ಸಾದಾ ಟೈರ್ ಮ್ಯಾಲ ಕೂಡ್ಲಾಕ ಆಕಿ ಏನ್ ಸಾದಾ ಹೆಣ್ಮಗಳೇನೋ?”

ಹೊರಗೆ ಈ ಠೀವಿ. ಮನೆಯಲ್ಲಿ ಒಣ ಚುರುಮುರಿ. ಪಂಚಮಿಯಲ್ಲಿ “ತವರಿಗಿ ಹೋಗ್ಯಾಳೇನ್ರಿ ಸುಗಂಧಾ?” ಎಂದವರಿಗೆಲ್ಲ ಹೂಂ ಎಂದು ಪಾರಾದ. ಪಂಚಮಿ ಮುಗಿಯಿತು, ಆಮೇಲೆ ಯಾರೂ ಕೇಳಲೇ ಇಲ್ಲ. ಅದು ಇನ್ನೂ ಕಷ್ಟವಾಯಿತು. ಅಂಗಡಿ ಮುಚ್ಚಿ ಬಂದರೆ ಮಾತಾಡಿಸಲು ಕಾರೊಂದೇ. ವಾರಕ್ಕೊಂದು ಕಾಗದವನ್ನೇನೋ ನಿಲಂಗಾಕ್ಕೆ ಹಾಕುತ್ತಿದ್ದ. ಅದರ ತುಂಬ ಟೈರಿನ ಸಮಾಚಾರ!

ಕೊನೆಗೆ ಪೋಳಾ ಅಮಾವಾಸ್ಯೆಯ ದಿನ ಐದು ಟೈರು ಬಂದವು, ಒಂದು ಸ್ಟೆಪ್ನಿಗೆ. ಎಲ್ಲವೂ ಸಾದಾ. ಊರಿಗೆ ಊರೇ ಎತ್ತಿನ ಕೋಡಿಗೆ ಎಣ್ಣೆ ಸವರುವ ಹಬ್ಬ. ಎತ್ತಿಲ್ಲದ ಗುರುಲಿಂಗಪ್ಪನ ಕೈ ಸುಮ್ಮನಿದ್ದೀತೇ? ಬಿಸಿಲಿಗೆ ರಬ್ಬರು ಸೀಳಬಾರದೆಂದು ಐದಕ್ಕೂ ಕುಸುಬಿ ಎಣ್ಣೆ ತಿಕ್ಕಿದ! ಹೊಸ ಗಾಲಿಗೆ ದಸರೆಯ ಪೂಜೆಯಾಗದೆ ಹೊರಡುವಂತಿಲ್ಲ. ಅಲ್ಲಿಯವರೆಗೆ ದಿನಾ ಸಂಜೆ ಅಂಗಳದಲ್ಲಿ ಕೂತು ತಿಕ್ಕಿದ್ದೇ ತಿಕ್ಕಿದ್ದು. ಒಳಗೆ ಹೋಗಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ.

ದಸರೆಯ ಬೆಳಿಗ್ಗೆ ವಿಭೂತಿ, ಚೆಂಡುಹೂ, ಹಾರ್ನು! ಎಣ್ಣೆ ಕುಡಿದು ಮೆತ್ತಗಾದ ರಬ್ಬರು ಕಾಸಾರ ಶಿರಸಿಯವರೆಗೆ ತಾಳಿತು. ಅಲ್ಲಿ ಒಂದು ಉಬ್ಬಿ ಒಡೆಯಿತು. ಸ್ಟೆಪ್ನಿ ಹಾಕಿದ. ಅದಕ್ಕಂತೂ ಪ್ರೀತಿಯಿಂದ ಎರಡು ಕೈ ಹೆಚ್ಚೇ ತಿಕ್ಕಿದ್ದ. ಎರಡು ಮೈಲಿಗೆ ಅದೂ ಢಮ್!

ಕಾರಿನಲ್ಲಿ ಒಬ್ಬನೇ ಕೂತ. ಪಕ್ಕದ ಸೀಟು ಖಾಲಿ. ಮನೆಯಲ್ಲೂ ಹೀಗೇ, ಇಲ್ಲೂ ಹೀಗೇ. ಯಾರಿಗಾಗಿ ಇದನ್ನು ಕಾಯಲಿ ಅನ್ನಿಸಿತು. ಅಷ್ಟರಲ್ಲಿ ಹೊಟ್ಟಿನ ಬಂಡಿಯೊಂದು ಬಂತು. ಗುರುಲಿಂಗಪ್ಪ ಕಾರಿನ ಬಾಗಿಲು ಸಹ ಹಾಕದೆ ಹತ್ತಿ ಕೂತ.

ನಿಲಂಗಾದಲ್ಲಿ ಬಾಗಿಲು ತೆರೆದವಳು ಸುಗಂಧಾಳೇ.

“ಕಾರ್ ಎಲ್ಲದ್ರಿ?”

“ದಾರ್ಯಾಗದ.”

“ಕಾಯ್ಲಾಕ ಯಾರ್ ಇದ್ದಾರ?”

“ಯಾರೂ ಇಲ್ಲ.”

ಆಕೆ ಅವನ ತಲೆಯ ಪಟಕಾಕ್ಕೆ ಅಂಟಿದ ಹೊಟ್ಟು ಒಂದೊಂದೇ ಆರಿಸಿದಳು. “ಮದ್ಲೇ ಹಿಂಗ ಬಂದಿದ್ರ ಅವತ್ತೇ ಬರ್ತಿದ್ದೆ. ಐದ್ ತಿಂಗಳು ಬರೇ ಟೈರು, ಟೈರು! ನೀ ಹ್ಯಾಂಗಿದ್ದಿ ಅಂತ ಒಮ್ಮಿಯಾದ್ರೂ ಬರದೀರೇನು?”

“ನೀ ಇಲ್ದ ಮನಿ ತಿನ್ಲಾಕ ಬರ್ತದ ಅಂತ ಬರೀಲಾಕ ನಾಚಿಕಿ ಬಂತು” ಎಂದ ಗುರುಲಿಂಗಪ್ಪ, ನೆಲ ನೋಡುತ್ತ. “ಅದಕ್ಕ ಟೈರ್ ಬರ್ದೆ.”

ಮರುದಿನ ಇಬ್ಬರೂ ಸರ್ಕಾರಿ ಬಸ್ಸು ಹತ್ತಿದರು. ಕಾಸಾರ ಶಿರಸಿ ಸಮೀಪಿಸುತ್ತಿದ್ದಂತೆ ಸುಗಂಧಾ ಕಿಟಕಿಯಿಂದ ಬಗ್ಗಿ ನೋಡಿದಳು.

“ಅಯ್ಯ, ಯಾರ್ ಕಾರ್ರಿ ಅದು? ಪಾಪ, ಒಂದೇ ನಿಂತದ!”

ಗುರುಲಿಂಗಪ್ಪ ಪಟಕಾವನ್ನು ಕಣ್ಣಿನ ತನಕ ಎಳೆದುಕೊಂಡ.

“ಯಾರದೋ ಏನೋ, ನೀ ಸುಮ್ನ ಕೂಡು!”