ಬಾಯಲ್ಲಿ ಪಿನ್ನು, ಮನೆಯಲ್ಲಿ ದಾನಶೂರೆ

ಪ್ರತಿಯೊಬ್ಬ ತಾಯಿಗೂ ತನ್ನ ಮಗುವಿನ ಬಗ್ಗೆ ಕೊಚ್ಚಿಕೊಳ್ಳಲು ಏನಾದರೂ ಒಂದು ಬೇಕು. ಪಕ್ಕದ ಮನೆಯ ಅಕ್ಕನ ಮಗ ಹಾಲುಹಲ್ಲು ಬೀಳುವ ಮೊದಲೇ ಮಗ್ಗಿ ಹೇಳುತ್ತಾನೆ. ಎದುರು ಮನೆಯ ಹುಡುಗಿ ಕೇಳಿದವರಿಗೂ ಕೇಳದವರಿಗೂ ಹಾಡು ಹಾಡುತ್ತಾಳೆ. ನನ್ನ ಬೊಮ್ಮಿಗೆ ಐದು ತುಂಬಿದರೂ ಮೂಗಿನೊಳಗೆ ಬೆರಳಿಡುವುದನ್ನು ಬಿಟ್ಟರೆ ಬೇರಾವ ಪ್ರತಿಭೆಯೂ ಪ್ರಕಟವಾಗಿರಲಿಲ್ಲ.

ಹಾಗಾಗಿ ಒಂದು ಸಂಜೆ ಅವಳು ಹೊಸ ರೇನ್‌ಕೋಟನ್ನು ಗೆಳತಿಗೆ ಕೊಟ್ಟು, ತಾನು ತೊಯ್ದು ತೊಪ್ಪೆಯಾಗಿ ಮನೆಗೆ ಬಂದಾಗ ನಾನು ಬೈಯಲಿಲ್ಲ. ತಲೆ ಒರೆಸಿ, ಬಿಸಿ ಹಾಲು ಕುಡಿಸಿ, ಡೈರಿ ತೆಗೆದು ಬರೆದೆ: "ಇಂದು ನನ್ನ ಕುವರಿಯ ಹೃದಯದಲ್ಲಿ ಔದಾರ್ಯವೆಂಬ ಮಹಾನದಿ ಉಕ್ಕಿ ಹರಿಯಿತು." (ಅವಳ ಮೂಗಿನಲ್ಲೂ ಒಂದು ನದಿ ಹರಿಯುತ್ತಿತ್ತು. ಅದನ್ನು ಬರೆಯಲಿಲ್ಲ.)

ಆಮೇಲೆ ಬಣ್ಣದ ಪೆನ್ಸಿಲ್ ಹೋಯಿತು, ನೀರಿನ ಬಾಟಲಿ ಹೋಯಿತು. ಯಾರೋ ಒಂದು ಕಾಲುಚೀಲ ಕಳೆದುಕೊಂಡು ಅಳುತ್ತಿದ್ದರೆಂದು ತನ್ನದೊಂದನ್ನು ಬಿಚ್ಚಿ ಕೊಟ್ಟು ಬಂದಳು. ಡೈರಿಯ ಪುಟಗಳು ತುಂಬಿದವು. ಡೈರಿ ಓದುವವರು ಯಾರೂ ಇಲ್ಲವಲ್ಲ, ಆದ್ದರಿಂದ (ನಾಚಿಕೆಯಿಂದ ಮಹಾನದಿಯೊಂದನ್ನು ಬಿಟ್ಟು) ಅದನ್ನೇ ಪಕ್ಕದ ಮನೆಯ ಅಕ್ಕನಿಗೂ, ಫೋನಿನಲ್ಲಿ ಅಮ್ಮನಿಗೂ, ಬಟ್ಟೆ ಅಳತೆ ಕೊಡಲು ಬಂದವರಿಗೂ ಬಾಯಿಪಾಠ ಒಪ್ಪಿಸಿದೆ.

"ಕೊಡೋ ಗುಣ ನಮ್ಮ ಕಡೇದು," ಎಂದರು ಅತ್ತೆ. "ಇವಳ ತಾತ ಮಳೆಗಾಲದಲ್ಲಿ ಎಷ್ಟು ಛತ್ರಿ ಕೊಟ್ಟು ಬರ್ತಿದ್ರು ಗೊತ್ತಾ?"

"ಅಮ್ಮಾ, ಅಪ್ಪ ಅದನ್ನ ಬಸ್ಸಲ್ಲಿ ಮರೆತು ಬರ್ತಿದ್ರು," ಎಂದರು ನನ್ನವರು.

"ಯಾರಿಗೋ ಸಿಕ್ತಲ್ಲ? ಅದೂ ಕೊಟ್ಟ ಹಾಗೇ. ನೀನು ಸುಮ್ನಿರೋ."

ನಾನು ಹೊಲಿಗೆಯವಳು ಎಂದು ಹೇಳುವುದನ್ನೇ ಮರೆತೆ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ: ಒಂದು ಮಿಷನ್ನು, ಒಂದು ಇಸ್ತ್ರಿ ಮೇಜು, ಒಂದು ಕನ್ನಡಿ. ಕೆಲಸದ ಹೊತ್ತಿನಲ್ಲಿ ಗುಂಡುಪಿನ್ನುಗಳೆಲ್ಲ ನನ್ನ ತುಟಿಗಳ ನಡುವೆ ಇರುತ್ತವೆ. ಅವನ್ನು ಚುಚ್ಚಿಡುವ ಪುಟ್ಟ ದಿಂಬು ಒಂದಿದೆ, ಎಲ್ಲಿದೆಯೋ ಗೊತ್ತಿಲ್ಲ. ನಮ್ಮ ಸಂಸಾರ ಇಷ್ಟು ಸುಸೂತ್ರವಾಗಿ ಸಾಗುತ್ತಿರುವುದೇ ಆ ಪಿನ್ನುಗಳಿಂದ ಎಂಬುದು ನನ್ನವರ ಅಭಿಪ್ರಾಯ.

ಆ ತಿಂಗಳು ನನ್ನ ಅದೃಷ್ಟ ಬಾಗಿಲು ಬಡಿದಿತ್ತು. ಡಾಕ್ಟರಮ್ಮ ತಮ್ಮ ಆಸ್ಪತ್ರೆಯ ಬಿಳಿ ಕೋಟುಗಳಿಗೆ ಬಟ್ಟೆ ಕೊಟ್ಟು ಹೋಗಿದ್ದರು. "ಇದು ಪರೀಕ್ಷೆಗೆ. ಹೇಳಿದ ದಿನಕ್ಕೆ ಕೊಟ್ರೆ ಇನ್ಮೇಲೆ ಎಲ್ಲ ನಿಮಗೇ. ತಡ ಆದ್ರೆ ಮಾತ್ರ ನನ್ನನ್ನ ಮಾತಾಡಿಸಬೇಡಿ." ಮೋಟಾರಿನ ಹೊಸ ಮಿಷನ್ನನ್ನು ನಾನಾಗಲೇ ಕನಸಿನಲ್ಲಿ ಗಡಗಡ ಓಡಿಸುತ್ತಿದ್ದೆ.

ಅಷ್ಟರಲ್ಲಿ ಶಿಶುವಿಹಾರದಲ್ಲಿ ವಾರ್ಷಿಕೋತ್ಸವದ ಬಗ್ಗೆ ಮಾತಾಡಲು ತಂದೆತಾಯಿಯರನ್ನು ಕರೆದರು. ಮಕ್ಕಳು ಕೂರುವ ಗೇಣುದ್ದದ ಕುರ್ಚಿಗಳಲ್ಲಿ ನಾವೆಲ್ಲ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕುಳಿತಿದ್ದೆವು. ಹೆಡ್ ಮಿಸ್ಸು ಎದ್ದು ನಿಂತು ನನ್ನ ಕಡೆ ಕೈ ತೋರಿಸಿದರು.

"ಇವರ ಮಗಳ ಮನಸ್ಸು ಎಷ್ಟು ದೊಡ್ಡದು ಗೊತ್ತಾ? ಮೊನ್ನೆ ಕ್ಲಾಸಲ್ಲಿ ಅವಳು ಹೇಳಿದ ಮಾತು ಕೇಳಿ ನಮಗೆಲ್ಲ ಕಣ್ಣಲ್ಲಿ ನೀರು ಬಂತು. ಏನಮ್ಮಾ, ನಿಮ್ಮ ಒಪ್ಪಿಗೆ ಇದೆ ತಾನೆ?"

ಯಾವ ಮಾತು ಎಂದು ಕೇಳಬಹುದಿತ್ತು. ಬುದ್ಧಿ ಇದ್ದವರು ಕೇಳುತ್ತಿದ್ದರು. ಆದರೆ ಮಗ್ಗಿಯ ಹುಡುಗನ ತಾಯಿ ನನ್ನನ್ನೇ ನೋಡುತ್ತಿದ್ದಳು. ನಾನು ಆ ಗೇಣುದ್ದದ ಕುರ್ಚಿಯಿಂದ ಸಿಂಹಾಸನದಿಂದೆಂಬಂತೆ ಎದ್ದು, "ನನ್ನ ಮಗಳ ಮಾತೇ ನನ್ನ ಮಾತು!" ಎಂದು ಘೋಷಿಸಿದೆ.

ಚಪ್ಪಾಳೆಯೋ ಚಪ್ಪಾಳೆ. ಅದು ಮುಗಿಯುವ ಮೊದಲೇ ಆಯಾ ಒಂದು ಮೂಟೆ ಬಲೆಬಟ್ಟೆಯನ್ನೂ ಒಂದು ಸುತ್ತು ತಂತಿಯನ್ನೂ ತಂದು ನನ್ನ ಮಡಿಲಲ್ಲಿಟ್ಟಳು. ಮಕ್ಕಳೆಲ್ಲ ವೇದಿಕೆಯಲ್ಲಿ ಚಿಟ್ಟೆಗಳಾಗುತ್ತಾರಂತೆ. ಎಲ್ಲರಿಗೂ ನಮ್ಮಮ್ಮನೇ ರೆಕ್ಕೆ ಹೊಲಿದು ಕೊಡುತ್ತಾಳೆ, ಯಾರೂ ಏನೂ ಕೊಡಬೇಕಾಗಿಲ್ಲ ಎಂದು ನನ್ನ ದಾನಶೂರೆ ಮಾತು ಕೊಟ್ಟಿದ್ದಳು.

ಮೂಟೆ ಹೊತ್ತು ಮನೆಗೆ ಬಂದವಳೇ ಕೂಗಿದೆ, "ಬೊಮ್ಮೀ! ನನ್ನ ಕೇಳದೇ ಹೇಗೆ ಹೇಳಿದೆ?"

"ಕೇಳಿದ್ನಲ್ಲ! ನೀನು ಹೂಂ ಅಂದೆ."

"ಯಾವಾಗ?"

"ನೀನು ಬಾಯಲ್ಲಿ ಪಿನ್ ಇಟ್ಕೊಂಡಿದ್ದಾಗ."

ಮೂಟೆಯನ್ನು ಕೆಳಗಿಳಿಸಿದೆ. ನಾನು ನಿಧಾನವಾಗಿ ಕೇಳಿದೆ, "ರೇನ್‌ಕೋಟು?"

"ಹೂಂ ಅಂದೆ."

"ಬಾಟಲಿ? ಕಾಲುಚೀಲ?"

"ಎಲ್ಲಾದಕ್ಕೂ ಅಂದೆ. ಪಿನ್ ಇದ್ರೆ ನೀನು ತುಂಬಾ ಒಳ್ಳೆಯವಳು ಅಮ್ಮಾ."

ನನ್ನವರು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕರು. "ಮಹಾನದಿ ಉಕ್ಕಿ ಹರೀತಂತೆ! ಅಣೆಕಟ್ಟಿನ ಬಾಗಿಲು ತೆಗೆದಿದ್ದು ಯಾರು ಅಂತ ಈಗ ಗೊತ್ತಾಯ್ತು ನೋಡು!"

(ಹಾಗಾದರೆ ಡೈರಿ ಓದುವವರು ಒಬ್ಬರಿದ್ದಾರೆ. ಅದನ್ನು ಆಮೇಲೆ ವಿಚಾರಿಸಿಕೊಂಡೆ.)

"ಇನ್ನೇನೇನಕ್ಕೆ ಹೂಂ ಅಂದಿದೀನಿ, ಕಂದಾ?"

"ಚಿಟ್ಟೆಗಳ ಹಿಂದೆ ನಿಂತ್ಕೊಳ್ಳೋಕೆ ಒಂದು ದೊಡ್ಡ ಮರ ಬೇಕಿತ್ತು. ಮಿಸ್ ಹತ್ರ ಮರ ಇರ್ಲಿಲ್ಲ. ಅದಕ್ಕೆ ಅಪ್ಪನ್ನ ಕೊಟ್ಟೆ."

ಸೋಫಾದ ಮೇಲಿನ ನಗು ಸ್ವಿಚ್ಚು ಆರಿಸಿದಂತೆ ನಿಂತಿತು.

"ರೀ, ಆಗಲ್ಲ ಅಂತ ಹೇಳಿ ಬರ್ತೀನಿ. ಡಾಕ್ಟರಮ್ಮನ ಕೋಟು ಕತ್ತರಿಸೋದೇ ಇನ್ನೂ ಮುಗಿದಿಲ್ಲ," ಎಂದೆ. "ಹೂಂ, ಹೇಳು ಹೇಳು, ಮರದ್ದೂ ಸೇರಿಸಿ ಹೇಳು," ಎಂದರು ಇವರು. ಆದರೆ ಬೊಮ್ಮಿ ಮೂಟೆಯಿಂದ ಒಂದು ತುಂಡು ಬಲೆಬಟ್ಟೆ ತೆಗೆದು ಬೆನ್ನಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. "ಅಮ್ಮಾ, ನಾನು ಹೇಳಿದಾಗ ಯಾರೂ ನಂಬಲಿಲ್ಲ. ಸುಳ್ಳಿ ಅಂದ್ರು. ಈಗ ನಂಬ್ತಾರೆ ಅಲ್ವಾ?"

ಇಂಥ ಹೊತ್ತಿನಲ್ಲಿ ಇಲ್ಲ ಎನ್ನುವ ತಾಯಿ ಎಲ್ಲಾದರೂ ಇದ್ದರೆ ಅವಳ ವಿಳಾಸ ಕೊಡಿ, ಹೋಗಿ ಕಲಿತು ಬರುತ್ತೇನೆ.

ಮುಂದಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಕೂತರೆ ರೆಕ್ಕೆ, ನಿಂತರೆ ರೆಕ್ಕೆ. ತಂತಿ ಬಗ್ಗಿಸಿ ಬಗ್ಗಿಸಿ ಅತ್ತೆಯ ಬೆರಳು ಬಾತುಕೊಂಡವು. ("ಕೊಡೋ ಗುಣ ನಿಮ್ಮ ಕಡೇದಿರಬೇಕು," ಎಂದು ಈಗ ವಂಶವನ್ನೇ ನನಗೆ ಬಿಟ್ಟುಕೊಟ್ಟರು.) ಒಂದು ರೆಕ್ಕೆ ಹೇಗೋ ಹುಳಿಯ ಪಾತ್ರೆಯಲ್ಲೂ ಸಿಕ್ಕಿತು. ಹೇಳಿದ ದಿನ ಡಾಕ್ಟರಮ್ಮ ಬಂದರು. ಕೋಟುಗಳಲ್ಲಿ ಅರ್ಧಕ್ಕೆ ತೋಳೇ ಇರಲಿಲ್ಲ.

"ಮಕ್ಕಳ ಕೆಲಸ ಇತ್ತು ಡಾಕ್ಟರಮ್ಮಾ... ಪುಣ್ಯದ ಕೆಲಸ..."

"ನನ್ನ ಕೆಲಸ ಪಾಪದ್ದಾ?" ಎಂದವರೇ ತೋಳಿದ್ದದ್ದು, ತೋಳಿಲ್ಲದ್ದು ಎಲ್ಲವನ್ನೂ ಬಾಚಿಕೊಂಡು ಹೋದರು. ಅವರೊಂದಿಗೆ ನನ್ನ ಮೋಟಾರಿನ ಮಿಷನ್ನೂ ಗಡಗಡ ಹೊರಟುಹೋಯಿತು.

ಆ ದಿನವೇ ಮಂಚದ ಕೆಳಗಿನಿಂದ ಪಿನ್ನಿನ ದಿಂಬನ್ನು ಹುಡುಕಿ ತೆಗೆದು ಮಣಿಕಟ್ಟಿಗೆ ಕಟ್ಟಿಕೊಂಡೆ. ಡೈರಿಯಲ್ಲಿ ಬರೆದೆ: "ಇನ್ನು ಮುಂದೆ ಈ ಬಾಯಿಗೆ ಪಿನ್ನು ಸೋಕದು. ದಾನಕ್ಕೆ ಬಾಗಿಲು ಬಂದ್."

ವಾರ್ಷಿಕೋತ್ಸವ ಬಂತು. ಪರದೆ ಸರಿಯಿತು. ಹಿಂದೆ ಹಸಿರು ರಟ್ಟಿನ ಎಲೆಗಳ ನಡುವೆ ನನ್ನವರ ಮುಖ, ಎರಡೂ ಕೈಗಳಲ್ಲಿ ಕೊಂಬೆ. ಮುಂದೆ ಬಣ್ಣಬಣ್ಣದ ರೆಕ್ಕೆಗಳ ಚಿಟ್ಟೆಗಳು. ನಡುವೆ ರೆಕ್ಕೆಯೇ ಇಲ್ಲದೆ ಎರಡೂ ಕೈ ಬೀಸುತ್ತ ಹಾರುತ್ತಿದ್ದಾಳೆ ಬೊಮ್ಮಿ! ಆ ವಾರವಷ್ಟೇ ಸೇರಿದ ಹುಡುಗಿಯೊಬ್ಬಳಿಗೆ ರೆಕ್ಕೆ ಇರಲಿಲ್ಲವಂತೆ. ಇವಳು ತನ್ನದನ್ನು ಬಿಚ್ಚಿ ಕಟ್ಟಿಬಿಟ್ಟಿದ್ದಳು. ಈ ಸಲ ನನ್ನನ್ನು ಕೇಳಿಯೇ ಇರಲಿಲ್ಲ. ಹೂಂ ಅನ್ನುವವರು ಯಾರೂ ಇಲ್ಲದಿದ್ದರೂ ಕೊಟ್ಟಿದ್ದಳು. ಪಕ್ಕದಲ್ಲಿ ಅತ್ತೆ ಸೊರಸೊರ ಅಳುತ್ತ, "ನಮ್ಮ ಕಡೇದೇ," ಎಂದರು.

ಹೆಡ್ ಮಿಸ್ಸು ಬೊಮ್ಮಿಯನ್ನು ಎತ್ತಿಕೊಂಡು, ವಿಷಯವನ್ನೆಲ್ಲ ಹೇಳಿ, ಮೈಕನ್ನು ಅವಳ ಬಾಯಿಗೆ ಹಿಡಿದರು. "ಏನಾದ್ರೂ ಹೇಳ್ತೀಯಾ, ಪುಟ್ಟಾ?"

ಬೊಮ್ಮಿ ಸಭೆಯಲ್ಲಿ ನನ್ನನ್ನು ಹುಡುಕಿದಳು. "ಅಮ್ಮಾ! ಮುಂದಿನ ವರ್ಷ ದೊಡ್ಡ ಕ್ಲಾಸಿನವರೂ ಸೇರ್ತಾರಂತೆ. ಎಲ್ಲಾರೂ ಆನೆ ಆಗ್ತಾರಂತೆ. ಸೊಂಡ್ಲು, ಕಿವಿ, ಬಾಲ ಎಲ್ಲಾ ಕೊಡ್ತೀನಿ ಅಂತ ಹೇಳ್ಲಾ?"

ಇಡೀ ಸಭೆ ನನ್ನ ಕಡೆ ತಿರುಗಿತು. ಮಗ್ಗಿಯ ಹುಡುಗನ ತಾಯಿ ಕತ್ತು ಚಾಚಿ ನೋಡಿದಳು. ಮಣಿಕಟ್ಟಿನಲ್ಲಿ ದಿಂಬು ಭದ್ರವಾಗಿತ್ತು. ಬಾಯಲ್ಲಿ ಒಂದೇ ಒಂದು ಪಿನ್ನೂ ಇರಲಿಲ್ಲ.

"ಹೂಂ!" ಎಂದೆ, ಕೊನೆಯ ಸಾಲಿಗೂ ಕೇಳುವಂತೆ.

ವೇದಿಕೆಯ ಮೇಲಿದ್ದ ಮರ ಎರಡೂ ಕೊಂಬೆ ಎತ್ತಿ ತಲೆಯ ಮೇಲಿಟ್ಟುಕೊಂಡಿತು.