ವೀರನ ಸೊಂಟಕ್ಕೊಂದು ಕಪ್ಪು ಪಟ್ಟಿ

ಪಾಠ ಮಾಡುವುದರಲ್ಲಿ ನನಗೆ ಇಪ್ಪತ್ತು ವರ್ಷದ ಅನುಭವವಿದ್ದರೆ ಚಿಂತೆ ಮಾಡುವುದರಲ್ಲಿ ಐವತ್ತರದ್ದಿದೆ. ಬಸ್ಸು ಹೆಮ್ಮಾಡಿ ಬಿಡುವಷ್ಟರಲ್ಲಿ ಮುಕ್ಕಾಲು ಗಂಟೆ ದಾರಿಯಾಚೆಯ ಬೈಂದೂರಿನಲ್ಲಿ ಇಳಿಯುವ ಚಿಂತೆ ಶುರುವಾಗುವ ಜಾತಿ ನನ್ನದು. ಇಂಥವನಿಗೆ ಈ ವರ್ಷ ಕಾಲೇಜಿನಲ್ಲಿ ‘ಕಲೆಯ ಇತಿಹಾಸ: ಒಂದು ಪರಿಚಯ’ ಎಂಬ ಹೊಸ ವಿಷಯ ಗಂಟುಬಿತ್ತು. ನಾನು ಇತಿಹಾಸದ ಮೇಷ್ಟ್ರು, ಆದ್ದರಿಂದ ಆ ಶಬ್ದ ಇರುವುದೆಲ್ಲ ನನ್ನ ತಲೆಗೇ. ಕಲೆಯಲ್ಲಿ ನನ್ನ ಸಾಧನೆ ಎಂದರೆ, ಹೈಸ್ಕೂಲಿನಲ್ಲಿ ನಾನು ಬರೆದ ಆನೆಯನ್ನು ಡ್ರಾಯಿಂಗ್ ಮೇಷ್ಟ್ರು ತಲೆಕೆಳಗಾಗಿ ಹಿಡಿದು ಮೆಚ್ಚಿಕೊಂಡದ್ದು ಮಾತ್ರ. ಪ್ರಾಂಶುಪಾಲರು ಒಂದೇ ಷರತ್ತು ಹಾಕಿದರು. ಯಾರ ಮನೆಯಿಂದಲೂ ಒಂದು ದೂರು ಬರಕೂಡದು. ಬಂದರೆ ಪಾಠ ಅಲ್ಲಿಗೇ ನಿಲ್ಲುತ್ತದೆ, ನಾನು ಪರೀಕ್ಷಾ ವಿಭಾಗದಲ್ಲಿ ಹಾಲ್ ಟಿಕೆಟ್ಟಿಗೆ ಮೊಹರು ಒತ್ತುತ್ತಾ ಕೂರಬೇಕು.

ಗುಹೆಚಿತ್ರಗಳ ಕಾಡುಕೋಣಗಳಿಂದ ಯಾವ ತೊಂದರೆಯೂ ಆಗಲಿಲ್ಲ. ಈಜಿಪ್ಟಿನವರೂ ಮರ್ಯಾದಸ್ಥರು, ಕಿಟಕಿ ಪಕ್ಕ ಕೂತು ಹಿಂದಿನ ಸೀಟಿನವರ ಹತ್ತಿರ ಮಾತಾಡುವವರ ಹಾಗೆ ಮುಖ ಅತ್ತ, ಭುಜ ಇತ್ತ ಮಾಡಿಕೊಂಡಿದ್ದರೂ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡಿದ್ದರು. ನಿಜ ಹೇಳಬೇಕೆಂದರೆ ಎರಡು ವಾರದಲ್ಲಿ ನನಗೆ ಪಾಠದ ರುಚಿಯೇ ಹತ್ತಿಬಿಟ್ಟಿತು. ಮುಂದೆ ಬರಲಿದ್ದ ಮೂಗು ಎರಡು ಕಡೆ ಇರುವ ಆಧುನಿಕ ಮುಖಗಳ ತನಕ ಮಕ್ಕಳನ್ನು ನಾನೇ ಕರೆದುಕೊಂಡು ಹೋಗಬೇಕೆಂಬ ಆಸೆ ಹುಟ್ಟಿತು. ಅಷ್ಟರಲ್ಲಿ ಗ್ರೀಕರು ಬಂದರು. ಅವರ ಮೈಮೇಲೆ ಒಂದು ನೂಲೂ ಇರಲಿಲ್ಲ.

ನಮ್ಮ ದೇವಸ್ಥಾನದ ಗೋಡೆಯ ಶಿಲ್ಪಗಳ ಬುಡದಲ್ಲೇ ಕೂತು ಪನಿವಾರದ ಪ್ರಸಾದ ತಿಂದು ಬೆಳೆದವನು ನಾನು. ಅವು ಏನು ಉಟ್ಟಿವೆ ಎಂದು ಒಂದು ದಿನವೂ ತಲೆಯೆತ್ತಿ ನೋಡಿದವನಲ್ಲ. ಗ್ರೀಕರ ವಿಷಯದಲ್ಲಿ ಮಾತ್ರ ಮೂರು ದಿನ ಕಂಪ್ಯೂಟರಿನ ಮುಂದೆ ಕೂತು, ಒಬ್ಬೊಬ್ಬರ ಸೊಂಟಕ್ಕೂ ಕಪ್ಪು ಪಟ್ಟಿ ಅಂಟಿಸಿದೆ. ಆ ಗಡಿಬಿಡಿಯಲ್ಲಿ ಯಾವ ಗುಂಡಿ ಒತ್ತಿದೆನೋ, ತರಗತಿಯಲ್ಲಿ ಮೊದಲು ಶಿಲ್ಪ ಪೂರ್ತಿಯಾಗಿ ಬಂತು. ಎಲ್ಲರೂ ಸಾವಕಾಶ ನೋಡಿಯಾದ ಮೇಲೆ ಪಟ್ಟಿ ಎಡಗಡೆಯಿಂದ ತಿರುಗುತ್ತಾ ಹಾರಿ ಬಂದು ಜಾಗದಲ್ಲಿ ಕೂತಿತು. ನಾಲ್ಕನೆಯ ಶಿಲ್ಪದ ಹೊತ್ತಿಗೆ ಶಿಲ್ಪವನ್ನು ಯಾರೂ ನೋಡುತ್ತಿರಲಿಲ್ಲ. ಪಟ್ಟಿಗೇ ಕಾದು ಕೂತು, ಅದು ಇಳಿದ ಕೂಡಲೇ ಚಪ್ಪಾಳೆ ತಟ್ಟುತ್ತಿದ್ದರು.

ಡಿಸ್ಕಸ್ ತಟ್ಟೆ ಎಸೆಯಲು ಬಾಗಿದ ವೀರನ ಚಿತ್ರ ಬಂದಾಗ ಉಪ್ಪುಂದದ ಪ್ರಮೀಳಾ ಎದ್ದು ನಿಂತಳು. ಮೀನುಗಾರರ ಮನೆಯ ಹುಡುಗಿ, ಸುಮ್ಮನೆ ಮಾತಾಡುವವಳಲ್ಲ. “ಸರ್, ಇಂವ ಬೀಸುಬಲಿ ಹಾಕುದಾ? ನಮ್ಮ್ ಅಜ್ಜಯ್ಯ ಹೀಂಗೇ ನಿಲ್ಲುದ್” ಎಂದಳು. ಬೀಸುಬಲಿ ಎಂದರೆ ಮೀನಿಗೆ ಬೀಸಿ ಎಸೆಯುವ ಬಲೆ. ಅಜ್ಜಯ್ಯನಿಗೆ ತೋರಿಸುತ್ತೇನೆಂದು ಪಟ್ಟಿ ಸಮೇತ ಒಂದು ಫೋಟೋವನ್ನೂ ಹೊಡೆದುಕೊಂಡಳು. ನಾನು ಬೇಡ ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಮೊಹರಿನ ಶಾಯಿಯ ವಾಸನೆ ನನಗೆ ಅಲ್ಲೇ ಬಡಿಯಿತು.

ಮರುದಿನ ನಾನು ತರಗತಿಗೆ ಹೋದಾಗ ಬಾಗಿಲಲ್ಲಿ ಅಜ್ಜಯ್ಯನೇ ನಿಂತಿದ್ದರು. ಎಪ್ಪತ್ತು ದಾಟಿದ್ದರೂ ಎದೆ ಇನ್ನೂ ಗ್ರೀಸಿನದೇ. ಹಿಂದೆ ಪ್ರಾಂಶುಪಾಲರು, ಅವರ ಮುಖದಲ್ಲಿ ಪರೀಕ್ಷಾ ವಿಭಾಗ. ಒಂದು ದೂರಿದೆ ಎಂದು ಅಜ್ಜಯ್ಯ ಶುರು ಮಾಡಿದಾಗ ನಾನು ಮೇಜನ್ನು ಹಿಡಿದುಕೊಂಡೆ.

“ಹ್ವಾಯ್ ಮಾಷ್ಟ್ರೇ, ಕೈ ಸಮ ಇತ್ತ್, ಕಾಲೂ ಸಮ ಇತ್ತ್. ಆರೆ ಬಲಿ ಬೀಸುದ್ ಕೈಯಂಗಲ್ಲ, ಸ್ವಂಟದಂಗೆ. ಅದನ್ನೇ ಮುಚ್ಚಿಟ್ರೆ ಮಕ್ಕಳಿಗ್ ಎಂತ ಕಲಿಸ್ತ್ರಿ?”

ಆ ಶಿಲ್ಪದ ಜೀವವೇ ಸೊಂಟದ ತಿರುವಿನಲ್ಲಿದೆ ಎಂದು ನನ್ನ ಪುಸ್ತಕವೂ ಎರಡು ಪುಟ ಬರೆದಿತ್ತು. ನಾನು ಎರಡು ಪುಟವನ್ನೂ ಬಾಯಿಪಾಠ ಮಾಡಿ, ಆ ವಿಷಯ ಇರುವ ಜಾಗಕ್ಕೇ ಅಳತೆ ಹಿಡಿದು ಪಟ್ಟಿ ಹೊಡೆದಿದ್ದೆ. ಅಜ್ಜಯ್ಯ ನನ್ನನ್ನು ಮೇಜಿನ ಹಿಂದಿನಿಂದ ಎಳೆದು ತಂದು, ಪ್ರೊಜೆಕ್ಟರಿನ ಹೊದಿಕೆಯನ್ನು ಬಲೆಯೆಂದು ಕೈಗೆ ಕೊಟ್ಟರು. ಬಲಗಾಲಿಗೆ ಭಾರ ಹಾಕಿ, ಬಗ್ಗಿ, ಸೊಂಟ ತಿರುಗಿಸಿ ಎಂದು ತಾವೇ ಹಿಡಿದು ತಿರುಗಿಸಿದರು. ಅದು ಕಟ್ ಎಂದಿತು. ನಾನು ಬೀಸಿದ ಬಲೆ ನೇರ ಹೋಗಿ ಪ್ರಾಂಶುಪಾಲರ ತಲೆಯ ಮೇಲೆ ಬಿತ್ತು. ಅವರು ಅದನ್ನು ನಿಧಾನ ತೆಗೆದು, ಮಡಚಿ, ಇಂಥ ದೂರಾದರೆ ಪರವಾಗಿಲ್ಲ, ಪಾಠ ನಡೆಯಲಿ ಎಂದು ಹೇಳಿ ಹೋದರು.

ನಾನು ಬಾಗಿ ನಿಂತದ್ದನ್ನು ಮಕ್ಕಳು ಹೊಡೆದ ಫೋಟೋ ಸಂಜೆ ಬಸ್ಸಿಗಿಂತ ಮೊದಲೇ ಮನೆ ಮುಟ್ಟಿತ್ತು. ಹೆಂಡತಿ ಸೊಂಟಕ್ಕೆ ಎಣ್ಣೆ ತಿಕ್ಕುತ್ತಾ ಇನ್ನೊಂದು ಕೈಯಲ್ಲಿ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಕೊನೆಗೆ, “ಅಷ್ಟ್ ಜನ ಕಲ್ಲಿನವ್ರಿಗೆ ಪಟ್ಟಿ ಹಾಕಿದ್ರಿ. ಈ ಹೊಟ್ಟಿಗ್ ಒಂದ್ ಉಳ್ಸ್ಕಂಬುಕ್ ಆಯ್ಲಿಲ್ಯಾ?” ಎಂದಳು.

ಗ್ರೀಕರ ಪಟ್ಟಿಗಳನ್ನೆಲ್ಲ ಶನಿವಾರ ಅಳಿಸಿ ಹಾಕಿದೆ. ಒಂದನ್ನು ಮಾತ್ರ ನನಗೆಂದು ಇಟ್ಟುಕೊಂಡಿದ್ದೇನೆ. ಅದು ಸಾಕಾಗುತ್ತದೋ ಇಲ್ಲವೋ ಎಂಬುದೇ ಸದ್ಯದ ಚಿಂತೆ.